ಮೂರು ದಿನದ ಕೋಣೆ

ಸೀರೆಯಿಂದ ಇಳಿಯುವ ನೀರು ತಣ್ಣಗಿರಬೇಕು, ನಸುಕಿನಲ್ಲಿ ಸೇದಿದ ಬಾವಿಯ ನೀರು, ಮಡಿಯೆಂದು ಹಿಂಡದೆ ಉಟ್ಟ ಕೆಂಪು ಸೀರೆ, ತೊಡೆಯ ಮೇಲೆ ಹರಿದು ಹಿಮ್ಮಡಿಯ ಹತ್ತಿರ ಹಾಸುಗಲ್ಲಿನ ಮೇಲೆ ಮಡುಗಟ್ಟುತ್ತಿದೆ, ಆದರೆ ಈಗ ಆ ತಂಪಿನ ನಡುವೆ ಒಂದು ಬೆಚ್ಚನೆಯ ಗೆರೆ ಇಳಿಯಿತಲ್ಲ — ಲಕ್ಕವ್ವನ ಕೈಯಲ್ಲಿದ್ದ ಸೌಟು ಹೂರಣದ ಗಡಿಗೆಯಲ್ಲಿ ಹಾಗೇ ನಿಂತಿತು — ಬೆವರಿರಬೇಕು, ಬೆವರೇ, ವರ್ಷದಿಂದ ಅದಕ್ಕೆ ಹೊತ್ತುಗೊತ್ತಿಲ್ಲ, ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತೆ ಎದೆ, ಕೊರಳು, ಕಿವಿ ಉರಿದು ಏಳುತ್ತವೆ, ನೆತ್ತಿ ಒದ್ದೆಯಾಗುತ್ತದೆ, ಆಮೇಲೆ ಗಡಗಡ ಚಳಿ, ಮಾಘದಲ್ಲಿಯೂ ಸೆರಗು ಬೀಸಿಕೊಳ್ಳುವ ಹೆಂಗಸನ್ನು ಈ ಜೋರಾಪುರ ಪೇಟೆಯಲ್ಲಿ ಯಾರು ಕಂಡಿದ್ದಾರೆ. ಪಡಸಾಲೆಯಲ್ಲಿ ಬೀಗರ ನಗು, ನಿನ್ನೆಯೇ ಕಾಖಂಡಕಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದವರು, ಸೊಸೆ ರೇಣುಕವ್ವನಿಗೆ ಏಳು ತಿಂಗಳು, ಇಂದು ಕುಬಸ, ದೇವರಿಗೆ ತೋರಿಸಿದ ಎಡೆಯನ್ನೇ ಬಸುರಿ ಮೊದಲು ಉಣ್ಣಬೇಕು, ಹಿಂದಿನದು ನಾಲ್ಕನೆಯ ತಿಂಗಳಿಗೇ ಇಳಿದುಹೋಗಿತ್ತು, ಇದಾದರೂ ನಿಲ್ಲಲಿ ಎಂದು ಮನೆಯೆಲ್ಲ ಉಸಿರು ಹಿಡಿದಿದೆ, ಬೆವರೇ ಇರಲಿ ದೇವರೇ, ಸೌಟು ತಿರುಗಿಸು, ಬೆಲ್ಲ ತಳ ಹಿಡಿದೀತು. ಸಿಟ್ಟೂ ಹೀಗೆಯೇ ಬರುತ್ತದೆ, ಹೇಳದೆ ಕೇಳದೆ, ಗಂಡ ಸಿದ್ದರಾಯ ಸ್ಟೇಷನ್ ರಸ್ತೆಯ ಹಗ್ಗದ ಅಂಗಡಿಯಿಂದ ಬಂದು ರೊಟ್ಟಿ ಆರಿ ತಣ್ಣಗಾಗ್ಯಾವ ಎಂದ, ಅಷ್ಟೇ ಅಂದದ್ದು, ಅವಳು ಬುಟ್ಟಿಯನ್ನೇ ಅಂಗಳಕ್ಕೆ ಎಸೆದಿದ್ದಳು, ಆಮೇಲೆ ಕಾಗೆಗಳು ಬಂದು ತಿನ್ನುವುದನ್ನು ನೋಡುತ್ತ ಕಂಬಕ್ಕೆ ಹಣೆ ಹಚ್ಚಿ ಅತ್ತಿದ್ದಳು, ಏನೋ ಬಡದೈತಿ ಇಕೀಗೆ ಎಂದು ಅವನು ದೆವ್ವ ಬಿಡಿಸುವ ಅಮೀನಸಾಬನ ಹತ್ತಿರ ಕರೆದೊಯ್ದ, ಮುದುಕ ನವಿಲುಗರಿ ಆಡಿಸಿ, ಕಣ್ಣರೆಪ್ಪೆ ಎತ್ತಿ ನೋಡಿ, ಸಿದ್ದರಾಯ, ಇಕೀಗೆ ದೆವ್ವ ಇಲ್ಲೋ ಯಪ್ಪಾ, ನಿದ್ದಿ ಇಲ್ಲ ಎಂದ, ಹಂಗಾರ ನಿದ್ದಿಗೆ ಒಂದು ತಾಯಿತ ಕಟ್ರಿ ಎಂದ ಗಂಡ, ಆ ತಾಯಿತ ಈಗಲೂ ತೋಳಿನಲ್ಲಿದೆ, ಅದರ ಕರಿದಾರದ ಕೆಳಗೂ ಬೆವರು.

ನಿದ್ದೆ ಎಲ್ಲಿತ್ತೆಂದು ಯಾರಿಗೆ ಹೇಳಲಿ, ಹಿತ್ತಲ ಮೂಲೆಯ ಆ ಮೋಟು ಕೋಣೆಯಲ್ಲಿತ್ತು, ತಿಂಗಳಿಗೆ ಮೂರು ದಿನ. ನೆರೆಯವರಲ್ಲಿ ಎಷ್ಟೋ ಮನೆಗಳಿಗೆ ಈ ಕಟ್ಟಳೆಯೇ ಇಲ್ಲ, ಅವರ ಹೆಣ್ಣುಮಕ್ಕಳು ಮುಟ್ಟಾದರೂ ಒಲೆಯ ಮುಂದೆಯೇ ಇರುತ್ತಾರೆ, ಈ ಮನೆಯ ದೇವರು ಮಾತ್ರ ಬಿಗಿ, ಹೊರಗಾದವಳು ಕೋಣೆ ಸೇರಬೇಕು, ಒಂದನ್ನೂ ಮುಟ್ಟಬಾರದು, ಮದುವೆಯಾಗಿ ಬಂದ ವರ್ಷ ಬಾಬಾನಗರದ ತವರನ್ನು ನೆನೆದು ಆ ಕೋಣೆಯಲ್ಲಿ ಅತ್ತಿದ್ದಳು, ಆಮೇಲೆ ಆಮೇಲೆ ಅದಕ್ಕಾಗಿಯೇ ದಿನ ಎಣಿಸತೊಡಗಿದಳು, ಏಕೆಂದರೆ ಮುಟ್ಟಬಾರದವಳನ್ನು ಯಾರೂ ಕರೆಯುವುದಿಲ್ಲ, ಬೀಸು ಎನ್ನುವುದಿಲ್ಲ, ರೊಟ್ಟಿ ಬಡಿ ಎನ್ನುವುದಿಲ್ಲ, ರೊಟ್ಟಿ ತಾನಾಗಿ ಬಂದು ಹೊಸ್ತಿಲಲ್ಲಿ ಬೀಳುತ್ತದೆ. ಗೋಡೆಯ ಆಚೆ ಪರಸವ್ವ ಬಂದು ಕೂಡುತ್ತಿದ್ದಳು, ತಿಕೋಟಾದ ಸೂಲಗಿತ್ತಿ, ಊರೂರು ತಿರುಗುವವಳು, ಮುಂಬಾಗಿಲಿಗೆ ಬಾ ಎಂದು ಅವಳನ್ನು ಯಾರೂ ಕರೆಯರು, ಈ ಮೂರು ದಿನ ಮಾತ್ರ ನಿಮ್ಮದೂ ನಮ್ಮದೂ ಒಂದ ಜಾತಿ ನೋಡ್ರಿ ಅವ್ವಾರ ಎಂದು ನಗುತ್ತಿದ್ದಳು, ಅವಳಿಗೆ ಮಾತ್ರ ಹೇಳಿದ್ದು, ಬೆವರು, ಅಳು, ಎದೆಬಡಿತ, ಎರಡು ತಿಂಗಳಿಗೊಮ್ಮೆ ಇಣುಕಿ ಆಮೇಲೆ ಕಾಣೆಯಾದ ಮುಟ್ಟು, ಪರಸವ್ವಾ, ನನಗ ಹುಚ್ಚ ಹಿಡದೈತೇನ. ಹುಚ್ಚಲ್ಲ ತಗೀರಿ, ವಯಸ್ಸು, ನಮ್ಮವ್ವಗೂ ಆಗಿತ್ತು, ಎಮ್ಮಿ ಈಯೂದ ಬಿಡೂಮುಂದ ಒದೀತೈತಲ್ಲ ಹಂಗ, ಅಗಸಿ ಹುರದು ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿಕೋರಿ, ಎಳ್ಳು ಬೆಲ್ಲ ತಿನ್ರಿ, ನೆತ್ತಿಗೆ ಔಡಲೆಣ್ಣಿ, ಹೊತ್ತು ಏರೂದರಾಗ ತಾಜಬಾವಡಿತನಕ ನಡದ ಹೋಗಿ ಬರ್ರಿ, ಕೊಡ ಹೊತಗೊಂಡು ಅಲ್ಲ, ಬರಿಗೈಲೆ, ಮಧ್ಯಾಹ್ನ ಒಂದು ತಾಸು ಮಲಗ್ರಿ, ಅಳು ಬಂದ್ರ ಅತ್ತಬಿಡ್ರಿ. ಅಗಸಿ, ಎಳ್ಳು, ಎಣ್ಣೆ ಮನೆಯಲ್ಲಿದ್ದವು, ಬರಿಗೈಲೆ ನಡೆಯುವುದು ಇರಲಿಲ್ಲ, ಮಧ್ಯಾಹ್ನದ ತಾಸು ಇರಲಿಲ್ಲ, ಬರಿಗೈಲೆ ಎಲ್ಲಿಗೆ ಹೊಂಟಿ ಎಂದು ಅತ್ತೆ ಕೇಳಿದರೆ ಏನೆನ್ನಬೇಕು, ಗಾಳಿಗೆ ಎನ್ನಬೇಕೇ. ಹೀಗಾಗಿಯೇ ಶ್ರಾವಣದಲ್ಲಿ ಮುಟ್ಟು ನಿಂತರೂ ಅವಳು ನಿಲ್ಲಿಸಲಿಲ್ಲ, ಅತ್ತೀ ಹೊರಗಾದೆ ಎಂದು ಬಾಗಿಲಲ್ಲಿ ನಿಂತು ಹೇಳಿದಳು, ಒಂದು ಸಲ, ಎರಡು ಸಲ, ನಾಲ್ಕು ಸಲ, ಗಂಜಿ ಬಿಡದ ಹಳೆ ಧೋತರ ಹರಿದು ನೀರಿನಲ್ಲಿ ಅದ್ದಿ ಗೋಡೆಗೆ ಒಣಹಾಕಿದಳು, ಮೂರು ದಿನ ಕಾಲು ಚಾಚಿ ಮಲಗಿದಳು, ಎದ್ದು ಬಂದಾಗ ಗಂಡನ ಮುಖ ನೋಡಿದರೆ ಸಿಟ್ಟು ಬರುತ್ತಿರಲಿಲ್ಲ, ದೇವರೇ, ನಿನಗೆ ಸುಳ್ಳು ಹೇಳಿದೆ, ಆದರೆ ನಿನಗೆ ಮೂರು ದಿನದಿಂದ ಏನು ಕಡಿಮೆಯಾಗುತ್ತಿತ್ತು.

ಅತ್ತೆ ಹುಚ್ಚವ್ವನ ಕಣ್ಣಿಗೆ ಪರದೆ ಬಂದಿದೆ, ಬೆರಳಿಗೆ ಬಂದಿಲ್ಲ. ಬೈದಿದ್ದರೆ ತಡೆಯಬಹುದಿತ್ತು, ಬೈಯಲಿಲ್ಲ, ಎಳ್ಳಮವಾಸಿ ಮುಗಿದ ವಾರ ಪಕ್ಕದಲ್ಲಿ ಬಂದು ಕುಳಿತು ಮೆಲ್ಲಗೆ, ಲಕ್ಕವ್ವಾ, ಮುಟ್ಟಬಾರದ್ದ ಮುಟ್ಟಿ ನೋಡೇನಿ ಬೇ, ಆ ಅರಿವಿ ಗಂಜಿ ಹಾಕಿದಂಗ ಬಿರುಸೈತಿ, ಒಂದ ದಿನಾನೂ ಉಟ್ಟಿದ್ದಲ್ಲ, ಎಂದಳು, ಆದರೆ ಮುದುಕಿಯ ಮುಖ ಅರಳಿತ್ತು, ನೀ ಪಾರಾದಿ, ಇನ್ನ ದೇವರ ಒಲಿ ನಿಂದು, ಸುಳ್ಳಿನ ಮಾತು ನನ್ನ ನಿನ್ನ ನಡುವ ಇರಲಿ, ನನಗೂ ಇಪ್ಪತ್ತೆರಡು ವರ್ಷ ಆತು, ಒಂದ ದಿನ ತಪ್ಪಿಲ್ಲ, ದಿನಾ ನಸಿಕಿನ್ಯಾಗ ತಣ್ಣೀರು, ಹಸಿ ಸೀರಿ, ಮೊನ್ನೆ ಬೆಲ್ಲ ಅಂತ ತಿಳಿದು ಹುಣಸಿಹಣ್ಣು ಹಾಕೇನಿ ಪಾಯಸಕ್ಕ, ದೇವ್ರು ಉಂಡ, ಏನೂ ಅನಲಿಲ್ಲ, ಎಂದು ನಕ್ಕಳು, ನಕ್ಕು ಅವಳ ಕೈಯನ್ನು ತನ್ನ ಸುಕ್ಕುಗಟ್ಟಿದ ಕೈಯಲ್ಲಿ ಹಿಡಿದುಕೊಂಡಳು, ಆ ಹಿಡಿತದಲ್ಲಿ ಪ್ರೀತಿ ಇತ್ತು, ಬಿಡಿಸಿಕೊಳ್ಳುವುದು ಹೇಗೆ. ಈ ಮನೆಯಲ್ಲಿ ಮುಟ್ಟು ನಿಂತ ಹಿರಿಯಳೇ ದೇವರ ಅಡಿಗೆ ಮಾಡಬೇಕು, ಮಾನ ಅದು, ಪೇಟೆಯ ಹೆಂಗಸರು ಬಂದು ಕಾಲು ಮುಟ್ಟಿ ಹೋದರು, ಪುಣ್ಯವಂತಿ ಎಂದರು, ಗಂಡ ಕೂಡ ಅಂದಿನಿಂದ ಲೇ ಎನ್ನುವುದು ಬಿಟ್ಟಿದ್ದಾನೆ, ತಿಂಗಳ ಮೂವತ್ತೂ ದಿನ ಒಲೆ, ಸಾಯುವ ತನಕ, ಅಥವಾ ರೇಣುಕವ್ವ ಮುದುಕಿಯಾಗುವ ತನಕ, ರೇಣುಕವ್ವನಿಗಿನ್ನೂ ಹತ್ತೊಂಬತ್ತು.

ಮತ್ತೆ ಇಳಿಯಿತು. ಬೆವರಲ್ಲ. ಲಕ್ಕವ್ವ ಬಗ್ಗಿ ಹಿಮ್ಮಡಿಯ ಹತ್ತಿರ ಬೆರಳು ಒತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ಆರು ತಿಂಗಳ ಮೇಲೆ, ಇಂದು, ಈ ಒಲೆಯ ಮುಂದೆ, ಬೆರಳು ಕೆಂಪಾಗಿತ್ತು, ಸೌಟು ಹಿಡಿದ ಕೈ ಇದೇ, ಬೇಳೆ ಕಟ್ಟು ಬಸಿದ ಕೈ ಇದೇ, ಮುಟ್ಟಿನವಳ ಕೈ ಎಡೆಗೆ ತಾಗಿದರೆ ಬಸುರು ನಿಲ್ಲುವುದಿಲ್ಲ ಎಂದು ಅವಳ ಅವ್ವ ಹೇಳಿದ್ದಳು, ಅವ್ವನಿಗೆ ಅವಳ ಅವ್ವ, ಪರಸವ್ವನಿದ್ದಿದ್ದರೆ ನಗುತ್ತಿದ್ದಳೇನೋ, ಪರಸವ್ವ ಈಗ ಯಾವ ಊರಿನಲ್ಲಿದ್ದಾಳೋ, ಏಳು ತಿಂಗಳ ಹೊಟ್ಟೆ ಪಡಸಾಲೆಯಲ್ಲಿ ಹಸಿರು ಬಳೆ ತೊಟ್ಟು ಕುಳಿತಿದೆ. ಅತ್ತೀ, ಎಂದು ಕರೆದಳು, ಹುಚ್ಚವ್ವ ಗೋಡೆ ಹಿಡಿದುಕೊಂಡು ಬಂದಳು, ಅತ್ತೀ, ನಾ ಹೊರಗಾದೆ. ಮುದುಕಿಯ ಮುಖ ಮೊದಲು ಗಟ್ಟಿಯಾಯಿತು, ಆಮೇಲೆ ಮರುಕದಿಂದ ಮೆತ್ತಗಾಯಿತು, ಇವತ್ತ ಬ್ಯಾಡ ಬೇ, ಬೀಗರು ಕುಂತಾರ, ದಣಿವ ಆಗಿದ್ರ ನಾಳೆ ಎರಡು ತಾಸು ಮಲಗು, ನಾ ನೋಡಕೋತೀನಿ. ಸುಳ್ಳಲ್ರಿ ಅತ್ತೀ, ನಿಮ್ಮ ಪಾದದಾಣಿ, ನೋಡ್ರಿ ಬೇಕಾರ. ಏನ ನೋಡ್ಲಿ, ಕೆಂಪು ಸೀರಿ, ಅದೂ ಹಸಿ, ನನ್ನ ಕಣ್ಣು ಇಷ್ಟ, ನಾಲ್ಕು ಸಲ ಇದ ದನಿಲೆ ಹೇಳಿದ್ದಿಯಲ್ಲ ಲಕ್ಕವ್ವಾ, ಇದ ಬಾಗಿಲಾಗ ನಿಂತು. ಲಕ್ಕವ್ವ ಕೆಂಪು ಬೆರಳನ್ನು ಮುದುಕಿಯ ಕೈಗೆ ತಾಗಿಸಬಹುದಿತ್ತು, ತಾಗಿಸಿದರೆ ಅವಳ ಮಡಿಯೂ ಹೋಗುತ್ತದೆ, ಎಡೆ ತೋರಿಸಲು ಮನೆಯಲ್ಲಿ ಯಾರೂ ಉಳಿಯುವುದಿಲ್ಲ, ಕೂಗಿ ಹೇಳಿದರೆ ಆ ನಾಲ್ಕು ಸಲದ ಸುಳ್ಳು ಬೀಗರ ಮುಂದೆ ಬಿಚ್ಚಿಕೊಳ್ಳುತ್ತದೆ, ಕೂಗದಿದ್ದರೆ ಆ ಮಗು. ಸರಿ ಅತ್ತಲಾಗ, ನೀ ಕುಂಡ್ರು ಹೋಗು, ಉಳದಿದ್ದು ನಾ ಮಾಡ್ತೀನಿ ಎಂದು ಹುಚ್ಚವ್ವ ತಡವರಿಸುತ್ತ ಅದೇ ಸೌಟನ್ನು, ಅವಳು ಹಿಡಿದಿದ್ದ ಸೌಟನ್ನೇ, ಹಿಡಿದಳು, ಅದೇ ಗಡಿಗೆಯಲ್ಲಿ ತಿರುವಿದಳು, ಅತ್ತೀ ಆ ಹೂರಣ ಚೆಲ್ರಿ, ಚೆಲ್ರಿ ಅದನ್ನ, ರೇಷನ್ ಕಾಲದಾಗ ಇಷ್ಟು ಬೆಲ್ಲ ಚೆಲ್ಲಬೇಕೇನ, ಹುಚ್ಚಿಯಂಗ ಮಾತಾಡಬ್ಯಾಡ.

ಅವಳ ಕಾಲುಗಳು ತಾವಾಗಿ ಹಿತ್ತಲಿಗೆ ಬಂದವು, ಕೋಣೆಯೊಳಗೆ ಹೋಗಿ ಕುಳಿತರೆ, ಅಗುಳಿ ಹಾಕಿಕೊಂಡು ಕುಳಿತರೆ, ಮೂರು ದಿನ ಹೊರಬರದಿದ್ದರೆ ಆಗಲಾದರೂ ನಂಬುತ್ತಾರೆ, ಎಡೆ ಬಡಿಸುವ ಮೊದಲೇ ನಂಬಬೇಕು, ಕದ ದೂಡಿದಳು, ನಾಲ್ಕು ಬೆರಳು ಸರಿದು ನಿಂತಿತು, ಹೆಗಲು ಕೊಟ್ಟಳು, ನಾಲ್ಕೇ ಬೆರಳು, ಸಂದಿಗೆ ಕಣ್ಣಿಟ್ಟಳು — ಕುಳ್ಳು, ನೆಲದಿಂದ ಜಂತೆಯವರೆಗೆ ಒಟ್ಟಿದ ಸಗಣಿಯ ಕುಳ್ಳು, ನಿನ್ನೆ ಅವಳು ಬೇಳೆ ಆರಿಸುವಾಗ ಹಿತ್ತಲಲ್ಲಿ ಧಪಧಪ ಸದ್ದು ಕೇಳಿತ್ತಲ್ಲ, ಒಬ್ಬಳು ಪಾರಾದಳು, ಒಬ್ಬಳು ಬಸುರಿ, ಕೋಣೆ ಯಾರಿಗೆ ಬೇಕು ಎಂದಿರಬೇಕು ಅತ್ತೆ, ತಪ್ಪೇನು ಅವಳದು, ಒಳಗೆ ದೇವರ ಗಂಟೆ ಮೊಳಗಿತು, ಎಡೆ ತೋರಿಸುತ್ತಿದ್ದಾರೆ, ಇನ್ನು ರೇಣುಕವ್ವನನ್ನು ಕರೆಯುತ್ತಾರೆ, ಓಡು, ಕೂಗು, ಅವಳು ಕದವನ್ನೇ ಮತ್ತೆ ದೂಡಿದಳು, ನಾಲ್ಕು ಬೆರಳು, ಆ ಸಂದಿಯ ಬೆಳಕಿನಲ್ಲಿ ಒಂದು ಕುಳ್ಳಿನ ಮೇಲೆ ಅಂಗೈಯ ಗುರುತು, ಐದು ಬೆರಳು, ಕಿರುಬೆರಳು ತುಸು ಡೊಂಕು, ಅವಳದೇ ಕೈ, ಅವಳೇ ತಟ್ಟಿ ಒಣಗಿಸಿದ್ದು, ಅದರ ಮೇಲೆ ಇನ್ನೊಂದು, ಅದೇ ಡೊಂಕು ಕಿರುಬೆರಳು, ಅದರ ಮೇಲೆ ಇನ್ನೊಂದು ಅಂಗೈ, ಜಂತೆಯವರೆಗೆ ಅವಳದೇ ಅಂಗೈ, ಅಂಗೈ —