ಮೀನಿಲ್ಲದ ತಟ್ಟೆ

ಟೊಮೆಟೊ ಈ ಸಲವೂ ಟೊಮೆಟೊ ಆಗಿಯೇ ಉಳಿಯಿತು. ಅತ್ತೆ ಒಂದು ಹೋಳನ್ನು ಬಾಯಿಗಿಟ್ಟುಕೊಂಡು, ಹಲ್ಲುಗಳು ಗಟ್ಟಿಯಾಗಿದ್ದ ಬಲಗಡೆಗೆ ತಳ್ಳಿ ಅಗಿದು, ತಟ್ಟೆಯನ್ನು ಸೊಸೆಯ ಕಡೆಗೆ ಸರಿಸಿದರು.

"ಇದು ಮೀನಾದ್ರೆ ನಾನು ಮದುವಣಗಿತ್ತಿ."

ಬಂದರಿನ ಬಳಿಯ ಹೋಟೆಲಿನಲ್ಲಿ ಆ ಸೊಸೆಯನ್ನು ಎಲ್ಲರೂ ಚೂರಿಯಕ್ಕ ಎನ್ನುತ್ತಿದ್ದರು. ಮದುವೆಗೆ ಮುಂಚಿನಿಂದಲೂ ಅಲ್ಲಿ ಹಸಿ ಮೀನು ಹೆಚ್ಚಿ ಬಡಿಸುವ ಕೆಲಸ. ಬೇಯಿಸದ ಮೀನಿಗೆ ಮಸಾಲೆಯ ಮರೆ ಇರುವುದಿಲ್ಲ. ಕೈ ತಪ್ಪಿದರೆ ನಾಲಿಗೆ ಹೇಳಿಬಿಡುತ್ತದೆ. ಅವಳ ಕೈ ತಪ್ಪಿದ್ದಿಲ್ಲ. ಆದರೆ ಹೋದ ಚಳಿಗಾಲದಲ್ಲಿ ಆ ಕೈಯೇ ತಿರುಗಿಬಿತ್ತು. ಮೊದಲು ಬೆರಳ ಸಂದಿಗಳಲ್ಲಿ ದದ್ದು, ಆಮೇಲೆ ತುಟಿಯ ಊತ, ಕೊನೆಗೊಂದು ಮಧ್ಯಾಹ್ನ ಗಂಟಲು ಕಟ್ಟಿ, ಉಸಿರು ಸಿಗದೆ ಅಲ್ಲೇ ಕುಸಿದಳು. ಮೀನು ತಿನ್ನುವುದಿರಲಿ, ಮುಟ್ಟಲೂ ಕೂಡದು, ಮೀನಿನ ಅಡುಗೆಮನೆಗೆ ಕಾಲಿಡಲೂ ಕೂಡದು ಎಂದರು ಡಾಕ್ಟರು. ಹೋಟೆಲಿನ ಯಜಮಾನರು ಒಳ್ಳೆಯವರು. ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಬರಮಾಡಿಕೋ ಎಂದರು. ನಗುನಗುತ್ತಾ ನಿಲ್ಲುವುದು ತನ್ನ ಕೈಯಲ್ಲಾಗದು ಎಂದು ಅವಳು ಹೇಳಿ ಕಳಿಸಿದಳು.

ಅವಳು ಬಿಟ್ಟದ್ದು ಕೆಲಸ. ಅತ್ತೆ ಬಿಟ್ಟದ್ದು ಊಟ. ಹಸಿ ಮೀನೆಂದರೆ ಪ್ರಾಣ ಬಿಡುತ್ತಿದ್ದ ಮುದುಕಿ, ಸೊಸೆ ಆಸ್ಪತ್ರೆಯಿಂದ ಬಂದ ದಿನವೇ ಮನೆಗೆ ಮೀನು ತರುವುದನ್ನು ನಿಲ್ಲಿಸಿದ್ದರು. ಪಕ್ಕದ ಮನೆಯವರು ಊಟಕ್ಕೆ ಕರೆದರೂ ಹೋಗಲಿಲ್ಲ. ಏಕೆಂದು ಕೇಳಿದ್ದಕ್ಕೆ, ಬಟ್ಟೆಗೆ ವಾಸನೆ ಹತ್ತಿ ನಿನಗೇನಾದರೂ ಆದರೆ ನನ್ನ ಮಗನಿಗೆ ಅಡುಗೆ ಮಾಡುವವರು ಯಾರು ಎಂದು ಗದರಿದ್ದರು.

ಅಂದಿನಿಂದ ಚೂರಿಯಕ್ಕ, ಮೀನಿಲ್ಲದೆಯೇ ಅತ್ತೆಗೆ ಹಸಿ ಮೀನಿನ ರುಚಿ ತೋರಿಸುವ ಹಟಕ್ಕೆ ಬಿದ್ದಿದ್ದಳು. ಟೊಮೆಟೊವನ್ನು ಕುದಿನೀರಿನಲ್ಲಿ ಅದ್ದಿ, ಸಿಪ್ಪೆ ಸುಲಿದು, ಬೀಜ ತೆಗೆದು, ಸೋಯಾ ಸಾಸಿನಲ್ಲಿ ನೆನೆಹಾಕಿದಳು. ಸಮುದ್ರದ ವಾಸನೆ ಬರಲೆಂದು ಕಡಲಪಾಚಿ ಕುದಿಸಿದ ನೀರು ಸುರಿದಳು. ಕ್ಯಾರೆಟನ್ನು ಕಲ್ಲುಪ್ಪಿನಲ್ಲಿ ಹೂತು ಸುಟ್ಟು, ತೆಳ್ಳಗೆ ಸೀಳಿದಳು. ಗಂಡ ತಿಂದು ಭೇಷಾಗಿದೆ ಎಂದ. ಹಸಿದು ಬಂದರೆ ಕಾಲೊರಸನ್ನೂ ಭೇಷಾಗಿದೆ ಎನ್ನುವವ. ಅವನ ಸಾಕ್ಷಿಯನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಮದುವಣಗಿತ್ತಿಯ ಮಾತಾಡಿದ ಆ ದಿನ ಅತ್ತೆ ತಟ್ಟೆ ಸರಿಸಿದವರು ಎಂದಿನಂತೆ ಎದ್ದುಹೋಗಲಿಲ್ಲ. "ನೀನು ವಾಸನೆ ಹಿಂದೆ ಬಿದ್ದಿದೀಯ ಕಣೇ," ಅಂದರು. "ಒಳ್ಳೆ ಮೀನು ಎಲ್ಲಿ ನಾರುತ್ತೆ? ಹಲ್ಲು ಊರಿದ್ರೆ ಒಂದು ಗಳಿಗೆ ತಡೀಬೇಕು, ಆಮೇಲೆ ಬಿಟ್ಟುಕೊಡಬೇಕು. ಅಷ್ಟೇ."

ಅವಳು ಯೋಚಿಸಿದಳು. ತರಕಾರಿ ತಾನೇ ಎಂದು ತರಕಾರಿಯ ಹಾಗೇ ಕೊಚ್ಚುತ್ತಿದ್ದಳಲ್ಲ! ಹಳೆಯ ಚೂರಿ ಹೋಟೆಲಿನಲ್ಲೇ ಉಳಿದಿತ್ತು. ಹೊಸದೊಂದು ಉದ್ದನೆಯದನ್ನು ತಂದು ಬೆಳಗಿನಿಂದ ಮಸೆದಳು. ಟೊಮೆಟೊ ಹೋಳುಗಳನ್ನು ಬಟ್ಟೆಯ ಮೇಲೆ ಹರಡಿ, ಮೇಲೆ ಭಾರವಿಟ್ಟು ನೀರಿಳಿಸಿದಳು. ಪಾಚಿಯ ನೀರು ಚೆಲ್ಲಿದಳು. ಫ್ರಿಜ್ಜಿನಲ್ಲಿ ಇಟ್ಟು ತಣ್ಣಗಾದ ಮೇಲೆ ಚೂರಿಯನ್ನು ಓರೆಯಾಗಿ ಹಿಡಿದು, ಹಿಂದೆ ಮುಂದೆ ಆಡಿಸದೆ, ಒಂದೇ ಎಳೆತಕ್ಕೆ ಸೀಳಿದಳು. ಭುಜಕ್ಕೆ ಆ ಎಳೆತ ಮರೆತಿರಲಿಲ್ಲ.

ಆಗಲೂ ಅತ್ತೆ ಹೊಗಳಲಿಲ್ಲ. ಇನ್ನೊಂದು ಹೋಳು ತೆಗೆದುಕೊಂಡರು, ಅಷ್ಟೇ. ಆ ಮಧ್ಯಾಹ್ನ ಚೂರಿಯಕ್ಕ ಯಜಮಾನರಿಗೆ ಫೋನು ಮಾಡಿದಳು.

ಮರುದಿನ ಅವರು ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಬಂದರು. ಆದರೂ ಹೊಸ್ತಿಲಾಚೆಯೇ ನಿಂತು, ಒಳಗೆ ಬರಬಹುದೇ ಎಂದು ಕೇಳಿದರು. ಅವಳು ತಟ್ಟೆ ಮುಂದಿಟ್ಟಳು: ಕೆಂಪು ಟೊಮೆಟೊ, ಕಿತ್ತಳೆ ಬಣ್ಣದ ಕ್ಯಾರೆಟ್, ಹಬೆಯಲ್ಲಿ ಬೆಂದ ಅಣಬೆಯ ಬಿಳಿ ಬಿಲ್ಲೆಗಳು. ಅವರು ನಿಧಾನವಾಗಿ ತಿಂದರು.

"ಮೀನಲ್ಲ ಇದು," ಅಂದರು.

"ಮೀನು ಅಂತ ನಾನೆಲ್ಲಿ ಅಂದೆ?"

ಯಜಮಾನರು ನಕ್ಕು ಮತ್ತೊಂದು ಹೋಳಿಗೆ ಕೈ ಹಾಕಿದರು. ಹೋಟೆಲಿನಲ್ಲೇ ಬೇರೆ ಮೂಲೆ ಮಾಡಿಕೊಡುವೆ ಎಂದು ಅವರು ಹೇಳುವ ಮೊದಲೇ, ಅವಳು ತಾನು ಅಲ್ಲಿಗೆ ಬರುವುದಿಲ್ಲವೆಂದೂ, ಇಲ್ಲೇ ಹೆಚ್ಚಿ ಮುಚ್ಚಿದ ಡಬ್ಬಿಯಲ್ಲಿ ಕಳಿಸುವೆನೆಂದೂ, ಮೀನಿನ ಅಡುಗೆಮನೆ ಹೊಕ್ಕ ಖಾಲಿ ಡಬ್ಬಿ ಹಿಂದಕ್ಕೆ ಬರಬಾರದೆಂದೂ ಹೇಳಿದಳು. "ಆಮೇಲೆ, ಬಡಿಸುವಾಗ ಟೊಮೆಟೊನ ಟೊಮೆಟೊ ಅಂತಲೇ ಹೇಳಬೇಕು. ಸುಳ್ಳು ಹೇಳಿ ಮಾರೋದಾದ್ರೆ ನನಗೆ ಬೇಡ."

ಅವರು ಒಪ್ಪಿದರು. ವಾರಕ್ಕೆ ಒಂದು ದಿನ, ಜನ ಏನನ್ನುತ್ತಾರೋ ನೋಡೋಣ ಎಂದರು. ಅವಳು ಎರಡು ದಿನ ಎಂದಳು. ಅದಕ್ಕೂ ಒಪ್ಪಿ ಹೋದರು.

ಬಾಗಿಲು ಹಾಕಿ ಬಂದಾಗ ಅತ್ತೆ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಹೋಳನ್ನು ಬಾಯಿಗಿಟ್ಟುಕೊಂಡಿದ್ದರು. ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿಯುತ್ತಿದ್ದರು. ಹೇಗಿದೆ ಎಂದು ಕೇಳದೆ ಸೊಸೆ ಗೋಡೆಗೊರಗಿ ನಿಂತಳು. ತೆರೆದ ಕಿಟಕಿಯಿಂದ ದೋಣಿಗಳ ಸದ್ದು ಬರುತ್ತಿತ್ತು.