ಗ್ರಹಣದ ಹೀರೇಕಾಯಿ

ಮಗಳು ಮೃಣಾಲ ಹೊಟ್ಟೆಯಲ್ಲಿದ್ದಾಗ, ಗ್ರಹಣದ ಹೊತ್ತಿನಲ್ಲಿ, ಶಾಲನ ಹೀರೇಕಾಯಿ ಹೆಚ್ಚಿದ್ದಳು. ಗ್ರಹಣ ಬಿಟ್ಟ ಮೇಲೆ ಮನೆಮಂದಿಯೆಲ್ಲ ಆ ಪಲ್ಯವನ್ನು ಚಪ್ಪರಿಸಿ ತಿಂದರು. ಆದರೆ ಮಗಳ ಕೈಮೇಲೆ ಕಪ್ಪು-ಬಿಳಿ ಚುಕ್ಕೆ ಮೂಡಿದ್ದೇ ತಡ, ಅತ್ತೆ ಮಾಣಿಕಬಾಯಿಗೆ ರುಚಿ ಮರೆತು ಹೀರೇಕಾಯಿ ಮಾತ್ರ ನೆನಪಿನಲ್ಲುಳಿಯಿತು.

ಮೊನ್ನೆ ವಿಶ್ರಾಮಬಾಗದಿಂದ ಕನ್ಯೆ ನೋಡಲು ಬಂದವರು ಚಹಾ ಕುಡಿದು, ಹುಡುಗಿಯ ಕೈ ನೋಡಿ ಎದ್ದುಹೋದರು. ಅವರು ಚಪ್ಪಲಿ ಮೆಟ್ಟುವ ಮೊದಲೇ ಮಾಣಿಕಬಾಯಿ ಶುರುಹಚ್ಚಿಕೊಂಡರು: "ಆವತ್ತ ಹೇಳಿದ್ನಿ, ಗ್ರಹಣದಾಗ ಈಳಿಗಿ ಮುಟ್ಟಬ್ಯಾಡ ಅಂತ!"

ಶಾಲನಳ ಮೈ ಉರಿಯಿತು. ತಪ್ಪು ತನ್ನದೇ ಇರಬಹುದೆಂಬ ಅಳುಕು ಅವಳಿಗೂ ಇತ್ತು. ಉರಿ ಹೆಚ್ಚಿದ್ದು ಅದಕ್ಕೇ. ಮಗಳನ್ನು ಮಿರಜಿನ ಚರ್ಮದ ಡಾಕ್ಟರಬಾಯಿಗೆ ತೋರಿಸಿ, ರಕ್ತ ಪರೀಕ್ಷೆಗೆ ಕೊಡಿಸಿದಳು. ಫಲಿತಾಂಶ ಕೇಳಲು ಗಂಡ ತವನಪ್ಪನನ್ನೂ ಕುಪವಾಡದ ಅರಿಷಿಣದ ಗಿರಣಿಯಿಂದ ಎಬ್ಬಿಸಿಕೊಂಡು ಹೋದಳು.

"ಹೀರಿಕಾಯಿ ಪಾಪ ಏನ್ ಮಾಡೈತ್ರಿ?" ಡಾಕ್ಟರಬಾಯಿ ನಕ್ಕರು. "ಮೈಯಾಗ ಡಿಎನ್‌ಎದ ನಕಲ ತಯಾರ ಆಗ್ತೈತಿ, ಅದಕ್ಕ ಆರ್‌ಎನ್‌ಎ ಅಂತಾರ. ಆ ನಕಲ ಅಲ್ಲಲ್ಲಿ ತಿದ್ದಾಕ ಒಂದು ಎಂಜೈಮ್ ಐತಿ. ಇಕಿದು ಅರ್ಧಾ ಕೆಲಸ ಮಾಡೂದಿಲ್ಲ, ಅದಕ್ಕ ಬಣ್ಣ ಹಿಂಗ. ಜೀವಕ್ಕ ಅಪಾಯ ಇಲ್ಲ. ಇದು ಬಹಳ ಮಾಡಿ ತಂದಿ-ತಾಯಿ ಒಬ್ಬರಿಂದ ಬರ್ತೈತಿ. ಇಬ್ಬರೂ ಕೈ ತೋರಸ್ರಿ."

ಶಾಲನ ಮೊದಲು ಕೈ ಚಾಚಿದಳು. ಒಂದು ಚುಕ್ಕೆಯೂ ಇರಲಿಲ್ಲ. ತವನಪ್ಪನ ಕೈ ಮಣಿಕಟ್ಟಿನವರೆಗೆ ಹಳದಿ, ನಡುನಡುವೆ ಕಲೆ.

"ಇವು ಗಿರಣಿ ಅರಿಷಿಣದ ಕಲೆರೀ," ಎಂದ ಅವನು. "ದಂಧೇನ ಅಂಥಾದ್ದು."

ಶಾಲನಳೂ ಹಾಗೆಂದೇ ನಂಬಿ, ರವಿವಾರಕ್ಕೊಮ್ಮೆ ಆ ಕೈಗಳಿಗೆ ಲಿಂಬೆಹಣ್ಣು ತಿಕ್ಕುತ್ತ ಬಂದಿದ್ದಳು.

"ಸಾಬಾಣ ಹಚ್ಚಿ ತೊಳಿರಿ, ಕಾಕಾ," ಎಂದರು ಡಾಕ್ಟರಬಾಯಿ.

ತವನಪ್ಪ ಉಜ್ಜಿ ಉಜ್ಜಿ ತೊಳೆದ. ಹಳದಿ ತಿಳಿಯಾಯಿತು, ಚುಕ್ಕೆ ಕದಲಲಿಲ್ಲ. ಮೃಣಾಲ ತನ್ನ ಕೈಯನ್ನು ಪಕ್ಕಕ್ಕಿಟ್ಟು ಹಿಡಿದಳು. ಅವೇ ಕಪ್ಪು, ಅವೇ ಬಿಳಿ.

"ಪಪ್ಪಾ, ನಿಮ್ಮದ ಮಾಲ!" ಎಂದು ಅವಳು ಬಿದ್ದುಬಿದ್ದು ನಕ್ಕಳು.

"ಅರಿಷಿಣ ಒಳಗ ಇಳದೈತಿ," ಎಂದು ತವನಪ್ಪ ಇನ್ನೂ ವಾದಿಸುತ್ತಿದ್ದ. ಶಾಲನಳಿಗೆ ಅಳು ಬಂತು, ಗಂಡನ ಬೆನ್ನಿಗೆ ಎರಡು ಗುದ್ದಬೇಕೆಂದೂ ಅನ್ನಿಸಿತು.

ಮನೆಯಲ್ಲಿ ಮಾಣಿಕಬಾಯಿ ಬಾಗಿಲಲ್ಲೇ ಕಾದಿದ್ದರು. "ಏನಂದ್ಳು ಡಾಕ್ಟರಬಾಯಿ? ಗ್ರಹಣಾನ ಹೌದಲ್ಲ?"

ಶಾಲನ ಗಂಡನ ತೊಳೆದ ಕೈ ಹಿಡಿದೆಳೆದು ಅತ್ತೆಯ ಕಣ್ಣ ಮುಂದಿಟ್ಟಳು.

"ಹೌದ್ರಿ ಅತ್ತಿ. ಇವರು ನಿಮ್ಮ ಹೊಟ್ಟ್ಯಾಗ ಇದ್ದಾಗ ನೀವೇನ್ ಹೆಚ್ಚಿದ್ರಿ?"