ಅರ್ಧ ಶಟರ್

ದಾನಿಶ ಚಟ್ಟದ ಬಿದಿರಿಗೆ ಕೊನೆಯ ಗಂಟು ಬಿಗಿಯುತ್ತಿದ್ದಾಗ ರಮಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಹೊರಲು ನಾಲ್ವರು ಬೇಕಿತ್ತು. ಇದ್ದವರು ಮೂವರೇ: ಸತ್ತ ಜಗದೇವನ ಜೀಪು ಓಡಿಸುತ್ತಿದ್ದ ದಾನಿಶ, ರಮಾಬಾಯಿಯ ಗಂಡ ದೇವಾನಂದ, ಅವಳ ಮೈದುನ.

"ನಾಲ್ಕನೇ ಹೆಗಲು ನಂದು," ಎಂದಳು. "ನಮ್ಮಣ್ಣ ಅಂವ."

"ಹೆಣ್ಮಕ್ಕಳು ಹೊರ್ತಾರೇನ?" ಎಂದ ದೇವಾನಂದ.

"ಗಂಡಸ್ರು ಬಂದಿದ್ರ ನಾ ಯಾಕ ಹೊರ್ತಿದ್ದೆ?"

ದಾನಿಶ ಮೆಲ್ಲಗೆ ಬಾಯಿ ತೆರೆದ. "ಅಕ್ಕಾ, ಹಿಂದಿನ ಗಲ್ಲಿಲಿಂದ ಹೋಗಮ್ರಿ. ಬಜಾರದಾಗ ಬ್ಯಾಡ್ರಿ. ಇವತ್ತೂ ಪೂರಾ ಶಟರ್ ಎಳದ್ರಂದ್ರ ನಂಗ ನೋಡಾಕ ಆಗಲ್ರಿ."

ಅಫಜಲಪುರದ ಬಜಾರದಲ್ಲಿ ಯಾರ ಹೆಣ ಹಾದರೂ ಅಂಗಡಿಯವರು ಶಟರ್ ಅರ್ಧಕ್ಕಿಳಿಸಿ, ಹೊರಗೆ ಬಂದು ಕೈಮುಗಿದು ನಿಲ್ಲುವುದು ರೂಢಿ. ಪೂರ್ತಿ ಇಳಿಸಿ ಒಳಗೆ ಉಸಿರು ಬಿಗಿಹಿಡಿದು ಕೂರುವುದು ಜಗದೇವ ಬಂದಾಗ ಮಾತ್ರ.

"ಬಜಾರದಾಗಿಂದನ ಹೋಗೂದು," ಎಂದಳು ರಮಾಬಾಯಿ. "ಒಂದ್ಸಲರೆ ಅವನ ಸಲುವಾಗಿ ಹೊರಗ ಬಂದು ನಿಂದರ್ಲಿ."

*

ಧೂಳಿನ ಕಣವನ್ನೂ ತೂಗಬಲ್ಲ ತಕ್ಕಡಿ ಕಟ್ಟಿದ್ದಕ್ಕೆ ಜಗದೇವನಿಗೆ ಹರೆಯದಲ್ಲೇ ದಿಲ್ಲಿಯಲ್ಲಿ ಭೌತಶಾಸ್ತ್ರದ ದೊಡ್ಡ ಪ್ರಶಸ್ತಿ ಬಂದಿತ್ತು. ಓಣಿಯವರೆಲ್ಲ ಸಕ್ಕರೆ ಹಂಚಿ ಕುಣಿದರು. ಅದೇ ವಾರ ತಾಯಿ ಸಾಬವ್ವ ರಾಶಿಯ ಕೂಲಿಗೆಂದು ಸಿಕ್ಕ ಜೋಳದ ಗಂಟು ತಂದಿಳಿಸಿದಳು. ಅವನು ಗಂಟನ್ನು ಎತ್ತಿ ನೋಡಿದ.

"ಯವ್ವಾ, ಇದು ಕಮ್ಮಿ ಅದ."

"ಯಾವಾಗೂ ಇಷ್ಟ ಇರ್ತದಪ್ಪಾ. ಅವರ ತಕ್ಕಡಿನ ಹಂಗ."

ದಿಲ್ಲಿಯ ಸಂಶೋಧನಾಲಯದಲ್ಲಿ ಕುರ್ಚಿ ಕಾದಿತ್ತು. ಅವನು ಹೋಗಲಿಲ್ಲ. ತೂಕ ಮತ್ತು ಅಳತೆ ಇಲಾಖೆಯ ಪರೀಕ್ಷೆ ಬರೆದು, ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಗೆ ಮುದ್ರೆ ಒತ್ತುವ ಇನ್ಸ್‌ಪೆಕ್ಟರ್ ಆದ. ಇವನಿಗೆ ತಲೆ ಕೆಟ್ಟಿದೆಯೆಂದು ಓಣಿಯವರು ಮೂಗು ಮುರಿದರು. ರಮಾಬಾಯಿ ವರ್ಷವಿಡೀ ಮಾತು ಬಿಟ್ಟಳು.

ಅವನು ಯಾರ ಚಹಾವನ್ನೂ ಕುಡಿಯಲಿಲ್ಲ, ಯಾರ ಕಳ್ಳ ತೂಕದ ಕಲ್ಲನ್ನೂ ಬಿಡಲಿಲ್ಲ. ಜೀಪು ಬಂತೆಂದರೆ ಬಜಾರ ದಡದಡನೆ ಮುಚ್ಚಿಕೊಳ್ಳುತ್ತಿತ್ತು. ಮೊದಮೊದಲು ಅವನಿಗೆ ನಗು ಬರುತ್ತಿತ್ತು. ಆಮೇಲೆ ಕಾಯಿಪಲ್ಲೆಗೂ ಕಲಬುರಗಿಯ ಬಸ್ಸು ಹಿಡಿಯಬೇಕಾಯಿತು. ಇಲ್ಲಿ ಅವನಿಗೆ ತೂಗಿ ಕೊಡುವವರೇ ಇರಲಿಲ್ಲ. ಅಂಗಡಿಯವರ ಉದ್ರಿ ನಂಬಿದ್ದ ಓಣಿಯವರೂ ಅವನನ್ನು ಒಂದು ಮದುವೆಗೂ ಕರೆಯಲಿಲ್ಲ.

*

ನಿವೃತ್ತಿಯಾದ ಮೇಲಿನ ಒಂದು ಬೆಳಗ್ಗೆ ಅವನು ಚೀಲ ಹಿಡಿದು ಬಜಾರಕ್ಕೆ ನಡೆದುಕೊಂಡೇ ಹೋದ. ರಮಾಬಾಯಿ ಜೊತೆಗಿದ್ದಳು. ಕಿರಾಣಿ ಅಂಗಡಿಯ ಕಲ್ಯಾಣಪ್ಪ ಅವನನ್ನು ಕಂಡದ್ದೇ ತಕ್ಕಡಿಯ ಮೇಲೆ ಗೋಣಿತಟ್ಟು ಎಸೆದು ಶಟರ್ ಎಳೆದ. ಆಚೀಚೆಯವರೂ ಎಳೆದರು. ಬಹಳ ದಿನದ ಅಭ್ಯಾಸ, ಕೈ ತಾನಾಗಿಯೇ ಹೋಗಿತ್ತು.

"ರಿಟೈರ್ ಆಗೇನ್ರಪಾ," ಎಂದ ಜಗದೇವ ಮುಚ್ಚಿದ ಶಟರಿಗೆ. "ಬೆಲ್ಲ ಒಯ್ಯಾಕ ಬಂದೇನಿ."

ಯಾರೂ ತೆರೆಯಲಿಲ್ಲ. ಖಾಲಿ ಚೀಲ ಮಡಚುತ್ತ ತಂಗಿಗೆ ಹೇಳಿದ, "ಬರ್ರಿ, ಕೂಡ್ರಿ ಅಂತ ಯಾರರೆ ಒಬ್ರು ಅಂದಿದ್ರ ಸಾಕಿತ್ತು, ರಮಾ."

ಆ ದಿನ ಅವಳಿಗೆ ಅಣ್ಣನ ಮುಖ ನೋಡಲಾಗಲಿಲ್ಲ. ಅವನು ಮತ್ತೆಂದೂ ಆ ಕಡೆ ಹೋಗಲಿಲ್ಲ.

*

ಮೇಣದಬತ್ತಿ ಹಚ್ಚಿ, ಬುದ್ಧನ ತ್ರಿಸರಣ ಹೇಳಿ, ಚಟ್ಟ ಎತ್ತಿದರು. ರಮಾಬಾಯಿಯ ಹೆಗಲಿಗೆ ಬಿದಿರು ಒತ್ತುತ್ತಿತ್ತು. ಬಜಾರದ ತಿರುವಿನಲ್ಲಿ ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಮೊದಲ ಅಂಗಡಿಯಲ್ಲಿ ಕಲ್ಯಾಣಪ್ಪ ಬೆಲ್ಲ ತೂಗುತ್ತಿದ್ದ. ತಲೆ ಎತ್ತಿದ. ಬಿಳಿ ಬಟ್ಟೆಯೊಳಗಿನ ಮುಖ ಗುರುತು ಹಿಡಿದ. ಅವನ ಕೈ ಮೇಲೆ ಹೋಗಿ ಶಟರ್ ಹಿಡಿಯಿತು.

"ಅಕ್ಕಾ, ಕೆಳಗ ನೋಡ್ಕೋತ ನಡೀರಿ," ಎಂದ ದಾನಿಶ.

ಅವಳು ಕೆಳಗೆ ನೋಡಲಿಲ್ಲ. ಶಟರ್ ದಡದಡನೆ ಇಳಿಯಿತು. ಇಳಿದು ಅರ್ಧಕ್ಕೆ ನಿಂತಿತು.

ಕಲ್ಯಾಣಪ್ಪ ಅದರಡಿ ಬಗ್ಗಿ ಹೊರಗೆ ಬಂದ. ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ, ಕೈಮುಗಿದ. ಹೆಗಲು ಕೊಡಲು ಮುಂದೆ ಬರಲಿಲ್ಲ. ಮುಂದಿನ ಅಂಗಡಿಯಲ್ಲೂ ಶಟರ್ ಅರ್ಧಕ್ಕೆ ನಿಂತಿತು, ಅದರಾಚೆಯದೂ.

ರಮಾಬಾಯಿ ಅಳುತ್ತ ಹೆಗಲು ಬದಲಿಸಿದಳು. ಕಲ್ಯಾಣಪ್ಪನ ಅರ್ಧ ಶಟರಿನ ಕೆಳಗಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ತಕ್ಕಡಿಯ ಮೇಲೆ ಬೆಲ್ಲದ ಹೆಂಟೆ ಹಾಗೇ ಕೂತಿತ್ತು, ತೂಕದ ಕೆಂಪು ಅಂಕಿಗಳು ಹಾಗೇ ಉರಿಯುತ್ತಿದ್ದವು. ಅಂದು ತಕ್ಕಡಿ ಮುಚ್ಚಿದ್ದ ಗೋಣಿತಟ್ಟು ಮೂಲೆಯಲ್ಲಿ ಮಡಚಿಕೊಂಡೇ ಇತ್ತು.